ಮರೆವನ್ನು ಯಾರ ಲೆಕ್ಕಕ್ಕೆ ಬರೆಯೋಣ? ಬೈಪೋಲಾರ್ ಔಷಧಿಗಳು ಮತ್ತು ನೆನಪು: ಒಂದು ಹೋಲಿಕೆ

ಚಿಂತಾಮಣಿ ತಾಲ್ಲೂಕಿನ ಒಂದು ಸಣ್ಣ ಊರಿನ ಹಾಲಿನ ಡೇರಿಯಲ್ಲಿ ನಾನು ಸೆಕ್ರೆಟರಿ. ಹಾಲು ಹಾಕುವವರು 86 ಮನೆಯವರು. ಯಾರ ನಂಬರು ಎಷ್ಟು, ಯಾರ ಹಾಲಿಗೆ ಮೊನ್ನೆ ಎಷ್ಟು ಫ್ಯಾಟ್ ಬಂದಿತ್ತು, ಯಾರು ಫೀಡ್ ಮೂಟೆ ಸಾಲ ಒಯ್ದಿದ್ದಾರೆ, ಎಲ್ಲ ಬಾಯಿಪಾಠವಾಗಿತ್ತು. ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ಅತಿಯಾಗಿ ಏರಿ, ಕೆಲಕಾಲ ಕುಸಿಯುವ ಕಾಯಿಲೆ) ಎಂದು ಗೊತ್ತಾಗಿ ಮಾತ್ರೆ ಶುರುವಾದ ಎರಡನೇ ವರ್ಷ, ಒಂದು ಬೆಳಿಗ್ಗೆ, ದಿನಾ ಎರಡು ಹೊತ್ತು ಹಾಲು ತರುವ ಅಜ್ಜಿಯೊಬ್ಬರು ಕ್ಯಾನು ಮುಂದಿಟ್ಟು ನಿಂತರೆ ಅವರ ನಂಬರೂ ಬರಲಿಲ್ಲ, ಹೆಸರೂ ಬರಲಿಲ್ಲ. "ಏನಮ್ಮಣ್ಣಿ, ಹಿಂಗ್ ನೋಡ್ತಾ ಇದ್ದೀಯಾ?" ಅಂದರು. ಅವತ್ತು ರಾತ್ರಿಯೇ ಮಾತ್ರೆ ನಿಲ್ಲಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಕೆಲವು ವಾರ ಬಹಳ ಚೆನ್ನಾಗಿತ್ತು. ನಂಬರುಗಳು ಪಟಪಟನೆ ಬರುತ್ತಿದ್ದವು. ಆಮೇಲೆ ನಿದ್ದೆ ಮೂರು ಗಂಟೆಗೆ ಇಳಿಯಿತು, ಮಾತು ಏರಿತು, ಖರ್ಚು ಏರಿತು. ಅಲ್ಲಿಂದ ಮುಂದಿನ ಒಂದು ತಿಂಗಳಲ್ಲಿ ಕೊಟ್ಟಿಗೆಯಲ್ಲಿದ್ದ ಹಸುವೊಂದನ್ನು ಮಾರಿದ್ದೇನೆ. ಯಾರಿಗೆ ಮಾರಿದೆ, ಎಷ್ಟಕ್ಕೆ ಮಾರಿದೆ ಎಂಬುದು ಇವತ್ತಿಗೂ ನೆನಪಿಲ್ಲ. ಮರೆವಿಗೆ ಹೆದರಿ ಮಾತ್ರೆ ಬಿಟ್ಟವಳು, ಮಾತ್ರೆ ನುಂಗುತ್ತಿದ್ದ ಎರಡು ವರ್ಷದಲ್ಲಿ ಮರೆತದ್ದಕ್ಕಿಂತ ಹೆಚ್ಚನ್ನು ಆ ಒಂದು ತಿಂಗಳಲ್ಲಿ ಕಳೆದುಕೊಂಡೆ.

ಇದೇ ಭಯದಲ್ಲಿ ಇರುವವರು ಬೇಕಾದಷ್ಟು ಜನ ಇದ್ದಾರೆ. "ತಲೆ ಓಡ್ತಿಲ್ಲ, ಮಾತ್ರೆ ಬಿಟ್ಟುಬಿಡಲಾ?" ಎಂದು ಕೇಳುತ್ತಾರೆ. ಅವರಿಗಾಗಿ ಒಂದೊಂದು ಆಯ್ಕೆಯನ್ನೂ ನೆನಪಿನ ಕಡೆಯಿಂದ ನೋಡಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಮಾತ್ರೆ ಬದಲಿಸುವುದು, ಕಡಿಮೆ ಮಾಡುವುದು ನಿಮ್ಮ ಡಾಕ್ಟರ ಎದುರು ಕೂತು ಆಗಬೇಕಾದ ಮಾತು. ಆ ಮಾತಿಗೆ ಕೂರುವ ಮೊದಲು ತಿಳಿದಿದ್ದರೆ ಒಳ್ಳೆಯದು ಎನಿಸಿದ್ದನ್ನು ಹೇಳುತ್ತೇನೆ, ಅಷ್ಟೇ.

ಮೊದಲು, ಮರೆವು ಯಾವ ಬಗೆಯದು?

ಕಾಯಿಲೆಯೇ ನೆನಪನ್ನು ತಿನ್ನುತ್ತದೆ, ಅದೂ ಬೇರೆಬೇರೆ ರೀತಿಯಲ್ಲಿ. ಮನಸ್ಸು ಕುಸಿದಿರುವಾಗ ಗಮನವೇ ಇರುವುದಿಲ್ಲ. ಅತ್ತೆ ಹೇಳಿದ ಮಾತು ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಒಳಗೆ ಇಳಿಯದ್ದನ್ನು ಆಮೇಲೆ ನೆನಪಿಸಿಕೊಳ್ಳುವುದು ಎಲ್ಲಿಂದ? ಮನಸ್ಸು ಏರಿರುವಾಗ, ಅಂದರೆ ಮೇನಿಯಾದಲ್ಲಿ, ಒಂದರ ಮೇಲೊಂದು ಯೋಚನೆ ಓಡುತ್ತದೆ, ಯಾವುದೂ ನಿಲ್ಲುವುದಿಲ್ಲ. ಹಾಗಾಗಿ ಆ ದಿನಗಳೇ ಉಳಿಯುವುದಿಲ್ಲ. ಮೂರನೆಯದನ್ನು ಡಾಕ್ಟರುಗಳೂ ಒಪ್ಪುತ್ತಾರೆ, ಆದರೆ ಮನೆಯವರು ನಂಬುವುದು ಕಷ್ಟ. ಏರೂ ಇಲ್ಲ, ಇಳಿವೂ ಇಲ್ಲ, ಆರಾಮವಾಗಿದ್ದೇವೆ ಅನ್ನುವ ತಿಂಗಳುಗಳಲ್ಲೂ ಕೆಲವರಿಗೆ ಹೊಸ ಹೆಸರು, ಹೊಸ ಪಟ್ಟಿ ಕಲಿಯುವುದು, ಎರಡು ಕೆಲಸ ಒಟ್ಟಿಗೆ ಹಿಡಿಯುವುದು ಕಷ್ಟವಾಗಿ ಉಳಿಯುತ್ತದೆ. ಮೇನಿಯಾ ಹೆಚ್ಚು ಸಲ ಬಂದುಹೋದವರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಬಂದ ಮಾತು. ನನ್ನ ಹೋಲಿಕೆ ಪೂರ್ತಿ ನಿಂತಿರುವುದು ಇದರ ಮೇಲೆಯೇ. ಯಾವ ಮಾತ್ರೆ ಮುಂದಿನ ಏರನ್ನು ತಡೆಯುತ್ತದೋ ಅದು, ಸ್ವಲ್ಪ ಮಂಕು ತಂದರೂ, ಒಟ್ಟು ಲೆಕ್ಕದಲ್ಲಿ ನೆನಪನ್ನು ಕಾಯುತ್ತಿರಬಹುದು.

ಮಾತ್ರೆಯಿಂದ ಬರುವ ಮರೆವಿನ ಬಣ್ಣ ಬೇರೆ. ಬೆಳಿಗ್ಗೆ ತಲೆಯೊಳಗೆ ಮಬ್ಬು, ಮಾತಿನ ನಡುವೆ ಪದ ಸಿಗದೆ ತಡೆಯುವುದು, ಕೈ ನಡುಕ, ಎಲ್ಲ ಕೆಲಸವೂ ನಿಧಾನ. ಎರಡನ್ನೂ ಬೇರೆ ಮಾಡಲು ನನಗೆ ಗೊತ್ತಿರುವ ಒಂದೇ ದಾರಿ ತಾರೀಖು ಬರೆದಿಡುವುದು. ಡೇರಿಯ ಹಳೆಯ ಲೆಜರಿನ ಖಾಲಿ ಹಾಳೆಗಳಲ್ಲಿ ಎಡಗಡೆ ಯಾವ ಮಾತ್ರೆ ಯಾವತ್ತು ಶುರುವಾಯಿತು, ಯಾವತ್ತು ಹೆಚ್ಚಾಯಿತು ಎಂದು ಬರೆದೆ. ಬಲಗಡೆ ಏನು ಮರೆತೆ, ಎಷ್ಟು ಗಂಟೆ ನಿದ್ದೆ ಮಾಡಿದೆ ಎಂದು ಬರೆದೆ. ಎರಡು ತಿಂಗಳು ಬರೆದ ಮೇಲೆ ಡಾಕ್ಟರು ಆ ಪುಸ್ತಕ ನೋಡಿ ಹೇಳಿದ್ದು, ಅದಕ್ಕೂ ಮೊದಲಿನ ಎರಡು ವರ್ಷದ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಮಾತ್ರೆಯನ್ನೂ ಕಾಯಿಲೆಯನ್ನೂ ದೂರುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಬಿ12, ಸಕ್ಕರೆ, ಹಿಮೋಗ್ಲೋಬಿನ್. ಮಾಂಸ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೂ ಬಿ12 ಕಡಿಮೆಯಾಗಬಹುದು. ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತಾಗಿ ಏಳುವವರು ಅದನ್ನೂ ಡಾಕ್ಟರಿಗೆ ಹೇಳಬೇಕು. ಕುಡಿತ ಇದ್ದರೆ ಮರೆವಿಗೆ ಬೇರೆ ಕಾರಣ ಹುಡುಕುವ ಅಗತ್ಯವೇ ಬೀಳದಿರಬಹುದು.

ಲಿಥಿಯಂ

ನಾನು ಬಿಟ್ಟು, ಮತ್ತೆ ಹಿಡಿದ ಮಾತ್ರೆ ಇದೇ. ಆದ್ದರಿಂದ ಇದರ ಬಗ್ಗೆ ಹೆಚ್ಚು ಬರೆಯುತ್ತೇನೆ.

1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಮೇನಿಯಾಕ್ಕೆ ಲಿಥಿಯಂ ಕೆಲಸ ಮಾಡುತ್ತದೆ ಎಂದು ಬರೆದರು. ಅಷ್ಟು ಹಳೆಯ ಔಷಧಿ, ಈಗಲೂ ಮುಂದಿನ ಸಾಲಿನಲ್ಲೇ ಇದೆ. ಏರನ್ನೂ ಇಳಿವನ್ನೂ ತಡೆಯುವುದಲ್ಲದೆ, ಆತ್ಮಹತ್ಯೆಯ ಅಪಾಯ ತಗ್ಗಿಸುತ್ತದೆ ಎಂಬುದಕ್ಕೆ ಇದರಷ್ಟು ಗಟ್ಟಿ ಆಧಾರ ಬೈಪೋಲಾರ್‌ನ ಬೇರೆ ಮಾತ್ರೆಗಳಿಗೆ ಇಲ್ಲ. ನೆನಪಿನ ವಿಷಯದಲ್ಲಿ ಇದರ ತೊಂದರೆ ಸರಾಸರಿಗೆ ಸಣ್ಣದು: ಹೊಸ ಪದಗಳನ್ನು ಕಲಿತು ಹೇಳುವುದರಲ್ಲಿ ಸ್ವಲ್ಪ ಹಿಂದೆ, ಕೈಕೆಲಸದ ವೇಗದಲ್ಲಿ ಸ್ವಲ್ಪ ನಿಧಾನ. ಆದರೆ ಸರಾಸರಿ ಎಂಬುದು ನಂಬರು ನೆನಪಿಟ್ಟು ಬದುಕುವವಳಿಗೆ ಸಮಾಧಾನ ಕೊಡುವುದಿಲ್ಲ, ಅದು ನನಗೆ ಗೊತ್ತು.

ಲಿಥಿಯಂ ತಗೊಳ್ಳುವವರಿಗೆ ಮರೆವು ಬಂದರೆ ಕೇಳಬೇಕಾದ ಪ್ರಶ್ನೆಗಳು ಎರಡು. ಒಂದು, ಲೆವೆಲ್, ಅಂದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ, ಎಷ್ಟಿದೆ? ದಿನನಿತ್ಯದ ತಡೆಗೆ ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇಡುತ್ತಾರೆ. ನನ್ನದು 1.1 ಇತ್ತು. ಡಾಕ್ಟರು ನಿಧಾನವಾಗಿ ಇಳಿಸಿ 0.7ಕ್ಕೆ ತಂದ ಮೇಲೆ ನಡುಕವೂ ಮಂಕೂ ಎರಡೂ ಕಡಿಮೆಯಾದವು. ಎರಡು, ಥೈರಾಯ್ಡ್ ಕುಗ್ಗಿದರೆ ರಕ್ತದಲ್ಲಿ ಏರುವ ಟಿಎಸ್‌ಎಚ್ ಎಷ್ಟಿದೆ? ಲಿಥಿಯಂ ಥೈರಾಯ್ಡನ್ನು ಕುಗ್ಗಿಸಬಹುದು, ಹೆಂಗಸರಲ್ಲಿ ಹೆಚ್ಚು. ಥೈರಾಯ್ಡ್ ಕುಗ್ಗಿದರೆ ಬರುವ ಮರೆವು, ಸುಸ್ತು, ಮೈ ಭಾರ ನೋಡಿದರೆ ಕುಸಿತ ಮತ್ತೆ ಬಂತು ಎಂದೇ ಅನ್ನಿಸುತ್ತದೆ. ಅಜ್ಜಿಯ ಹೆಸರು ಮರೆತ ಕಾಲದ ನನ್ನ ಟಿಎಸ್‌ಎಚ್ ಎಷ್ಟಿತ್ತೋ ತಿಳಿಯುವ ದಾರಿ ಇಲ್ಲ, ಆಗ ಯಾರೂ ಪರೀಕ್ಷೆ ಬರೆದಿರಲಿಲ್ಲ. ಮತ್ತೆ ಲಿಥಿಯಂ ಶುರುವಾದ ಮೇಲೆ ಬೇರೊಬ್ಬ ಡಾಕ್ಟರು ಬರೆದಾಗ ಹೆಚ್ಚಾಗಿತ್ತು. ಥೈರಾಕ್ಸಿನ್ ಮಾತ್ರೆ ಸೇರಿದ ಕೆಲವು ತಿಂಗಳಲ್ಲಿ ಹಳೆಯ ನಂಬರುಗಳು ಒಂದೊಂದಾಗಿ ಬಂದವು. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆ ಆರು ತಿಂಗಳಿಗೊಮ್ಮೆ ಆಗಬೇಕು. ಡಾಕ್ಟರು ಬರೆಯಲು ಮರೆತರೆ ನೀವೇ ಕೇಳಿ. ಇದರಲ್ಲಿ ಸಂಕೋಚ ಬೇಡ.

ನಮ್ಮ ಸೀಮೆಗೆ ಬೇಕಾದ ಎಚ್ಚರಿಕೆ ಇನ್ನೊಂದಿದೆ. ಏಪ್ರಿಲ್, ಮೇ ಬಿಸಿಲಲ್ಲಿ ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಹೊಲದಲ್ಲಿ ದುಡಿಯುವವರಿಗೆ ಬೆವರಿ ಮೈಯ ನೀರು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ ಭೇದಿ ಆದರೂ ಹಾಗೆಯೇ. ಬಿಪಿ ಎಂದು ಉಪ್ಪನ್ನು ಒಮ್ಮೆಲೇ ಬಿಟ್ಟರೂ ಏರುತ್ತದೆ. ಮೈಕೈ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಏರಿಸುತ್ತವೆ. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್, ನೀರು ಇಳಿಸುವ ಕೆಲವು ಮಾತ್ರೆಗಳೂ ಅಷ್ಟೇ. ಯಾವ ಡಾಕ್ಟರ ಹತ್ತಿರ ಹೋದರೂ "ನಾನು ಲಿಥಿಯಂ ತಗೊಳ್ತೀನಿ" ಎನ್ನುವುದು ಮೊದಲ ಮಾತಾಗಿರಲಿ. ಕೈ ಜೋರಾಗಿ ನಡುಗುವುದು, ತೊದಲು, ತೂರಾಟ, ವಾಂತಿ, ಗಲಿಬಿಲಿ ಒಟ್ಟಿಗೆ ಕಂಡರೆ ಅದನ್ನು ಮರೆವು ಅಂದುಕೊಂಡು ಕೂರಬೇಡಿ. ಮಾತ್ರೆ ನಿಲ್ಲಿಸಿ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಆ ಸಂದರ್ಭ ಬಿಟ್ಟರೆ ಲಿಥಿಯಂ ಅನ್ನು ಒಮ್ಮೆಲೇ ನಿಲ್ಲಿಸಬಾರದು, ಕಾಯಿಲೆ ಬೇಗ ಮರುಕಳಿಸುತ್ತದೆ. ನಾನು ಮಾಡಿದ್ದು ಅದೇ ತಪ್ಪು.

ವಾಲ್ಪ್ರೊಯೇಟ್, ಕಾರ್ಬಮಜೆಪೈನ್, ಲಾಮೊಟ್ರಿಜಿನ್

ಈ ಮೂರೂ ಮೂರ್ಛೆ ರೋಗಕ್ಕೂ ಕೊಡುವ ಮಾತ್ರೆಗಳು. ಚೀಟಿ ನೋಡಿ "ನಿಂಗೆ ಫಿಟ್ಸ್ ಇದೆಯಾ?" ಎಂದು ಕೇಳುವವರು ಸಿಕ್ಕೇ ಸಿಗುತ್ತಾರೆ.

ಮರೆವೇ ದೊಡ್ಡ ಚಿಂತೆಯಾಗಿ, ಕಾಯಿಲೆಯಲ್ಲಿ ಕುಸಿತವೇ ಹೆಚ್ಚಾಗಿದ್ದರೆ ಡಾಕ್ಟರ ಹತ್ತಿರ ಲಾಮೊಟ್ರಿಜಿನ್ ಹೆಸರು ಎತ್ತಬಹುದು. ಈ ಗುಂಪಿನಲ್ಲಿ ತಲೆಗೆ ಅತಿ ಹಗುರ ಅದೇ. ಮಬ್ಬೂ ಕಡಿಮೆ, ತೂಕವೂ ಅಷ್ಟಾಗಿ ಏರುವುದಿಲ್ಲ. ಆದರೆ ಏರಿದ ಮನಸ್ಸನ್ನು ಇಳಿಸುವ ಶಕ್ತಿ ಅದಕ್ಕಿಲ್ಲ. ನನ್ನ ಹಾಗೆ ಹಸು ಮಾರುವಷ್ಟು ಏರುವವರಿಗೆ ಅದೊಂದೇ ಸಾಲದು. ಹತ್ತಬೇಕಾದದ್ದೂ ಬಲು ನಿಧಾನವಾಗಿ: ಸಾಮಾನ್ಯವಾಗಿ ಎರಡು ವಾರ 25 ಮಿಲಿಗ್ರಾಂ, ಮತ್ತೆರಡು ವಾರ 50, ಹೀಗೆ. ವಾಲ್ಪ್ರೊಯೇಟ್ ಜೊತೆಗಿದ್ದರೆ ಅದರ ಅರ್ಧ. ಅವಸರ ಮಾಡಿದರೆ ಚರ್ಮ, ಬಾಯಿ, ಕಣ್ಣು ಸುಟ್ಟಂತೆ ಗುಳ್ಳೆ ಏಳುವ, ಪ್ರಾಣಕ್ಕೇ ಬರುವ ರೋಗ ಬರಬಹುದು. ಮೈಮೇಲೆ ದದ್ದು ಕಂಡ ದಿನವೇ ಡಾಕ್ಟರಿಗೆ ಹೇಳಿ. ಐದಾರು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಡೋಸನ್ನೇ ನುಂಗಬಾರದು, ಬುಡದಿಂದ ಶುರುಮಾಡಬೇಕಾಗುತ್ತದೆ. ಮಾತ್ರೆ ನುಂಗುವುದನ್ನೇ ಮರೆಯುವವರಿಗೆ ಇದು ಸಣ್ಣ ವಿಷಯವಲ್ಲ.

ವಾಲ್ಪ್ರೊಯೇಟ್ ಏರಿಗೆ ಗಟ್ಟಿ ಮದ್ದು, ಬೇಗ ಕೆಲಸ ಮಾಡುತ್ತದೆ. ನೆನಪಿನ ತೊಂದರೆ ಡೋಸು ಹೆಚ್ಚಾದಷ್ಟೂ ಹೆಚ್ಚು. ಇದ್ದಕ್ಕಿದ್ದಂತೆ ತೂಕಡಿಕೆ, ಗಲಿಬಿಲಿ ಹೆಚ್ಚಾದರೆ ರಕ್ತದಲ್ಲಿ ಅಮೋನಿಯಾ ಏರಿದೆಯೇ ಎಂದು ನೋಡಿಸಬೇಕು. ಲಿವರ್ ಪರೀಕ್ಷೆ ಸರಿ ಬಂದಿದ್ದರೂ ಅಮೋನಿಯಾ ಏರಿರಬಹುದು. ಆದರೆ ಇದರಲ್ಲಿ ನೆನಪಿಗಿಂತ ದೊಡ್ಡ ಮಾತು ಬಸಿರಿನದು. ಹೊಟ್ಟೆಯಲ್ಲಿದ್ದಾಗ ತಾಯಿ ವಾಲ್ಪ್ರೊಯೇಟ್ ತಗೊಂಡಿದ್ದರೆ ಸುಮಾರು 10 ಮಕ್ಕಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಅಂಗದ ದೋಷ, 100ರಲ್ಲಿ 30ರಿಂದ 40 ಮಕ್ಕಳಿಗೆ ಬುದ್ಧಿಯ, ಮಾತಿನ, ಕಲಿಕೆಯ ಬೆಳವಣಿಗೆಯಲ್ಲಿ ತೊಂದರೆ ಆಗಬಹುದು. ಮದುವೆ ವಯಸ್ಸಿನ ಮಗಳಿಗೆ ಈ ಮಾತ್ರೆ ಬರೆದಿದ್ದರೆ ತಂದೆತಾಯಿ ಇದನ್ನು ಮುಚ್ಚಿಡದೆ ಡಾಕ್ಟರ ಜೊತೆ ಮಾತಾಡಬೇಕು. ಗಂಡಿನ ಕಡೆಯವರಿಗೆ ಕಾಯಿಲೆ ಗೊತ್ತಾಗದಿರಲಿ ಎಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡು, ಆ ಮಾತ್ರೆಯಲ್ಲೇ ಹುಡುಗಿ ಬಸಿರಾಗುವುದನ್ನು ನಾನು ಕಂಡಿದ್ದೇನೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾರ್ಬಮಜೆಪೈನ್ ಮಬ್ಬು ತರುತ್ತದೆ, ರಕ್ತದ ಸೋಡಿಯಂ ಇಳಿಸಬಹುದು. ಸೋಡಿಯಂ ಇಳಿದರೂ ಗಲಿಬಿಲಿ, ಮರೆವು. ಬೇರೆ ಮಾತ್ರೆಗಳ ಬಲವನ್ನೂ ತಗ್ಗಿಸುತ್ತದೆ, ಗರ್ಭನಿರೋಧಕ ಮಾತ್ರೆಯದನ್ನೂ. ತೂಕ ಇಳಿಸಲೆಂದು ಕೆಲವರಿಗೆ ಸೇರಿಸುವ ಟೋಪಿರಮೇಟ್ ಪದಗಳನ್ನೇ ಬಾಯಿಂದ ಕಿತ್ತುಕೊಳ್ಳುತ್ತದೆ. ಮಾತಿನಿಂದ ಹೊಟ್ಟೆ ಹೊರೆಯುವ ಮೇಷ್ಟ್ರಿಗೆ, ವ್ಯಾಪಾರಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ರಾತ್ರಿ ಮಾತ್ರೆಗಳು, ಜೊತೆಗೆ ಬರುವ ಪುಟ್ಟ ಮಾತ್ರೆಗಳು

ಏರನ್ನು ಇಳಿಸಲು ಕೊಡುವ ಒಲಾಂಜಪೈನ್, ಕ್ವಟಿಯಪೈನ್ ನಿದ್ದೆ ತರುತ್ತವೆ, ಹಸಿವು ಹೆಚ್ಚಿಸುತ್ತವೆ, ತೂಕ ಮತ್ತು ಸಕ್ಕರೆ ಏರಿಸಬಹುದು. ಅರಿಪಿಪ್ರಜೋಲ್‌ನಲ್ಲಿ ಮಬ್ಬು ಕಡಿಮೆ, ಆದರೆ ಕೂತಲ್ಲಿ ಕೂರಲಾಗದ ಚಡಪಡಿಕೆ ಕೆಲವರಿಗೆ ಬರುತ್ತದೆ. ನನಗೆ ಈಗ ಲಿಥಿಯಂ ಜೊತೆಗೆ ಸ್ವಲ್ಪ ಕ್ವಟಿಯಪೈನ್ ಇದೆ. ಡೇರಿ ಬಾಗಿಲು ತೆಗೆಯುವುದು ಬೆಳಿಗ್ಗೆ ಆರಕ್ಕೆ. ಹತ್ತು ಗಂಟೆಗೆ ಮಾತ್ರೆ ನುಂಗಿದರೆ ಆರಕ್ಕೆ ಫ್ಯಾಟ್ ಮಿಷನ್ನಿನ ಅಂಕಿಯೇ ಮಸುಕು. ಡಾಕ್ಟರ ಹತ್ತಿರ ಹೇಳಿ ಎಂಟು ಗಂಟೆಗೆ ಬದಲಿಸಿಕೊಂಡೆ. ಮಾತ್ರೆ ಅದೇ, ಡೋಸೂ ಅದೇ, ಬೆಳಗಿನ ಮರೆವು ಮಾತ್ರ ಅರ್ಧಕ್ಕಿಳಿಯಿತು. ಮಾತ್ರೆ ಬದಲಿಸಿ ಎಂದು ಕೇಳುವ ಮುಂಚೆ ಹೊತ್ತು ಬದಲಿಸಬಹುದೇ ಎಂದು ಕೇಳಿ ನೋಡಿ.

ಮರೆವಿನ ಮೂಲ ಹುಡುಕುವಾಗ ಎಲ್ಲರೂ ದೊಡ್ಡ ಮಾತ್ರೆಯನ್ನು ನೋಡುತ್ತಾರೆ. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ್ದು ಚೀಟಿಯ ಕೊನೆಯಲ್ಲಿರುವ ಎರಡರ ಬಗ್ಗೆ. ಒಂದು ಟ್ರೈಹೆಕ್ಸಿಫೆನಿಡಿಲ್. ಏರಿಗೇ ಕೊಡುವ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಮಾತ್ರೆಗಳಿಂದ ಬರುವ ಕೈಕಾಲು ಬಿಗಿತ, ನಡುಕಕ್ಕೆ ಇದನ್ನು ಕೊಡುತ್ತಾರೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೇ ಇದು ಮೆದುಳಿನಲ್ಲಿ ತಡೆಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಹತ್ತಿರದ್ದು ಮಸುಕಾಗಿ ಕಾಣುವುದು, ಹೊಸದು ತಲೆಯಲ್ಲಿ ನಿಲ್ಲದಿರುವುದು, ಇವೆಲ್ಲ ಒಟ್ಟಿಗೆ ಇದ್ದರೆ ಇದರ ಮೇಲೆ ಅನುಮಾನ ಇಡಿ. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಿಗಿತ ಹೋದ ಮೇಲೂ ಚೀಟಿಯಿಂದ ಚೀಟಿಗೆ ಹಾಗೇ ಇಳಿದುಬರುವುದುಂಟು. "ಇದು ಈಗಲೂ ಬೇಕಾ ಸಾರ್?" ಎಂಬ ಒಂದು ಪ್ರಶ್ನೆ ಸಾಕು. ಇನ್ನೊಂದು ಕ್ಲೊನಜೆಪಾಮ್, ಲೊರಜೆಪಾಮ್ ಥರದ ನಿದ್ದೆಯ, ಆತಂಕದ ಮಾತ್ರೆ. ಏರಿದ ದಿನಗಳಲ್ಲಿ ಅದು ಬೇಕು. ವರ್ಷಗಟ್ಟಲೆ ಮುಂದುವರಿದರೆ ಹೊಸ ನೆನಪು ಕೂರುವುದಕ್ಕೇ ಅಡ್ಡಿ. ಆದರೆ ಇದನ್ನೂ ದಿಢೀರನೆ ಬಿಡಬೇಡಿ, ಫಿಟ್ಸ್ ಬರಬಹುದು. ನನಗೆ ಅದನ್ನು ಕಾಲು ಕಾಲು ಮಾತ್ರೆಯಾಗಿ ಬಿಡಿಸಲು ನಾಲ್ಕು ತಿಂಗಳು ಹಿಡಿಯಿತು.

ಕರೆಂಟ್ ಚಿಕಿತ್ಸೆ

ಜನ ಶಾಕ್ ಎನ್ನುವ ಇಸಿಟಿ ನೆನಪಿನ ವಿಷಯದಲ್ಲಿ ಎಲ್ಲಕ್ಕಿಂತ ದುಬಾರಿ, ಫಲದಲ್ಲಿ ಎಲ್ಲಕ್ಕಿಂತ ಬೇಗ. ನನ್ನ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾದ ಮೇಲೆ ಕುಸಿತ ಬಂದು ಅನ್ನ ನೀರು ಬಿಟ್ಟಿದ್ದಳು. ಬೆಂಗಳೂರಲ್ಲಿ ಎಂಟು ಸಲ ಕೊಟ್ಟರು. ನಾಲ್ಕನೆಯದು ಆದ ಮೇಲೆ ತಾನಾಗಿ ಕಾಫಿ ಕೇಳಿದಳು. ಆದರೆ ಮಗುವಿನ ನಾಮಕರಣ ಅವಳಿಗೆ ನೆನಪಿಲ್ಲ. ಫೋಟೋ ನೋಡಿ, "ಈ ಸೀರೆ ನಾನ್ಯಾವಾಗ ಉಟ್ಟಿದ್ದೆ ಅಕ್ಕಾ?" ಅನ್ನುತ್ತಾಳೆ. ಮತ್ತೆ ಅಂಥ ಸ್ಥಿತಿ ಬಂದರೆ ಮಾಡಿಸಿಕೊಳ್ಳುತ್ತೀಯಾ ಎಂದು ಕೇಳಿದೆ. ಹೂಂ ಅಂದಳು, ತಡಮಾಡಲಿಲ್ಲ.

ಸಾಮಾನ್ಯವಾಗಿ ಆಗುವುದು ಹೀಗೆ: ಚಿಕಿತ್ಸೆಯ ದಿನಗಳಲ್ಲಿ ಗಲಿಬಿಲಿ ಇರುತ್ತದೆ. ಹೊಸದನ್ನು ಕಲಿಯುವ ಶಕ್ತಿ, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಮರಳುತ್ತದೆ. ಚಿಕಿತ್ಸೆಯ ಹಿಂದುಮುಂದಿನ ವಾರಗಳ, ಕೆಲವರಿಗೆ ತಿಂಗಳುಗಳ ಘಟನೆಗಳು ಮಾತ್ರ ಮರಳದೇ ಹೋಗಬಹುದು. ತಲೆಯ ಎರಡೂ ಬದಿಗೆ ಕೊಡುವುದಕ್ಕಿಂತ ಒಂದೇ ಬದಿಗೆ ಕೊಟ್ಟಾಗ ಮರೆವು ಕಡಿಮೆ. ಆದರೆ ಪ್ರಾಣಕ್ಕೆ ಬಂದಿರುವಾಗ ಬೇಗ ಫಲ ಸಿಗಲೆಂದು ಎರಡು ಬದಿಯನ್ನೇ ಆರಿಸಬಹುದು. ಯಾವುದು, ಯಾಕೆ, ವಾರಕ್ಕೆ ಎಷ್ಟು ಸಲ ಎಂದು ಕೇಳುವ ಹಕ್ಕು ನಿಮಗಿದೆ. ಲಿಥಿಯಂ ತಗೊಳ್ಳುತ್ತಿದ್ದರೆ ಆ ದಿನಗಳಲ್ಲಿ ಅದನ್ನು ಏನು ಮಾಡುತ್ತೀರಿ ಎಂದೂ ಕೇಳಿ, ಎರಡೂ ಸೇರಿದರೆ ಗಲಿಬಿಲಿ ಹೆಚ್ಚಬಹುದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಕೊಡುವುದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ನಿಷೇಧಿಸಿದೆ. ಶುರುವಾಗುವ ಮುಂಚೆ ಎಟಿಎಂ ಪಿನ್, ಚೀಟಿ ಹಣದ ಲೆಕ್ಕ, ಒಡವೆ ಇಟ್ಟ ಜಾಗ ಬರೆದು ನಂಬುವವರ ಕೈಗೆ ಕೊಡಿ.

ಮಾತ್ರೆಯಲ್ಲದ್ದು

ನೆನಪಿಗೆಂದು ಟಾನಿಕ್ಕು, ಲೇಹ್ಯ ಕೊಡುವವರು ಸಂತೆಯಲ್ಲೂ ಸಿಗುತ್ತಾರೆ. ಬೈಪೋಲಾರ್‌ನ ಮರೆವನ್ನು ಕಳೆಯುತ್ತದೆ ಎಂದು ಸಾಬೀತಾದ ಅಂಥದ್ದು ಯಾವುದೂ ಇಲ್ಲ. ಅಶ್ವಗಂಧ ಥೈರಾಯ್ಡನ್ನು ಏರುಪೇರು ಮಾಡಬಲ್ಲದು, ತಗೊಳ್ಳುವುದಿದ್ದರೆ ಡಾಕ್ಟರಿಗೆ ಹೇಳಿಯೇ ತಗೊಳ್ಳಿ.

ನಿದ್ದೆಗೆ ಮಾತ್ರ ಯಾವುದೂ ಸಮವಿಲ್ಲ. ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳ ಸೊಪ್ಪು ತಿನ್ನುವ ಭರ ಸಾಕಿದವರಿಗೆಲ್ಲ ಗೊತ್ತು, ರಾತ್ರಿ ಸೊಪ್ಪು ಹಾಕಲು ಏಳಲೇಬೇಕು. ನನ್ನ ಎರಡು ಮೇನಿಯಾ ಶುರುವಾದದ್ದು ಆ ವಾರದಲ್ಲೇ ಎಂದು ಲೆಜರಿನ ತಾರೀಖುಗಳಿಂದ ಹೊಳೆಯಿತು. ಈಗ ರಾತ್ರಿ ಸೊಪ್ಪು ನಮ್ಮ ಮನೆಯವರ ಪಾಲು. ಮೊದಮೊದಲು ಅತ್ತೆ ಗೊಣಗಿದರು. ಮಾರಿಹೋದ ಹಸುವಿನ ಬೆಲೆ ಅವರಿಗೂ ಗೊತ್ತಿತ್ತು, ಸುಮ್ಮನಾದರು.

ಹಳೆಯ 86 ನಂಬರು ಹೆಚ್ಚುಕಡಿಮೆ ಮರಳಿವೆ. ಆಮೇಲೆ ಸೇರಿದ ಹನ್ನೊಂದು ಮನೆಯ ನಂಬರು ಮಾತ್ರ ಎಷ್ಟು ಉರುಹೊಡೆದರೂ ನಿಲ್ಲುತ್ತಿಲ್ಲ. ಅವನ್ನು ರಟ್ಟಿನ ಮೇಲೆ ಬರೆದು ತಕ್ಕಡಿಯ ಪಕ್ಕ ನೇತುಹಾಕಿದ್ದೇನೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಕಾಣುವುದಿಲ್ಲ ನನಗೆ.

ಎಲ್ಲಿಗೆ ಹೋಗುವುದು?

ಮಾತ್ರೆ ಮುಂದುವರಿಸುವುದಕ್ಕೆ, ಸಣ್ಣಪುಟ್ಟ ಬದಲಾವಣೆಗೆ ತಾಲ್ಲೂಕು ಆಸ್ಪತ್ರೆಯೇ ಹತ್ತಿರ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡು ಅಲ್ಲಿದೆ. ಈ ವಾರ ಬರುತ್ತಾರೆಯೇ ಎಂದು ವಿಚಾರಿಸಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಲಿಥಿಯಂ ಲೆವೆಲ್ ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ, ಅದಕ್ಕೆ ಜಿಲ್ಲಾ ಕೇಂದ್ರದಲ್ಲಿ ಕೇಳಿ. ಮರೆವು ಕಾಯಿಲೆಯದೋ ಮಾತ್ರೆಯದೋ ಬೇರೆಯದೋ ಎಂದು ತಿಳಿಯದೆ ವರ್ಷ ಕಳೆದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದು ಮೇಲು. ನೆನಪು, ಗಮನ ಅಳೆಯಲು ಅಲ್ಲೇ ರೂಪಿಸಿದ ಪರೀಕ್ಷೆಗಳಿವೆ, ಒಮ್ಮೆ ಅಳೆದಿಟ್ಟರೆ ಮುಂದೆ ಹೋಲಿಸಿ ನೋಡಬಹುದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದಾಗ, ಮಾತ್ರೆ ಎಸೆದುಬಿಡೋಣ ಎನ್ನಿಸಿದಾಗ ಟೆಲಿ ಮನಸ್ ಸಹಾಯವಾಣಿ 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಎಲ್ಲಿಗೆ ಹೋದರೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ನೋವಿನ ಮಾತ್ರೆ ಸಹಿತ, ಜೊತೆಗಿರಲಿ. ಸಾಧ್ಯವಾದರೆ ಮನೆಯವರೊಬ್ಬರು ಬರಲಿ, ಏಕೆಂದರೆ ನಾವು ಏನನ್ನು ಮರೆತಿದ್ದೇವೆ ಎಂಬುದು ನಮಗಿಂತ ಅವರಿಗೆ ಗೊತ್ತಿರುತ್ತದೆ. ಲೆವೆಲ್ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಕೊನೆಯ ಲಿಥಿಯಂ ನುಂಗಿ 12 ಗಂಟೆ ಆದ ಮೇಲೆ. ಬೆಳಗಿನ ಮಾತ್ರೆ ನುಂಗಿ ಕೊಟ್ಟರೆ ಅಂಕಿ ಸುಳ್ಳು ಹೇಳುತ್ತದೆ.

ನಾಳೆ ನನ್ನದೂ ಪರೀಕ್ಷೆ ಇದೆ. ರಾತ್ರಿ ಎಂಟಕ್ಕೆ ನುಂಗಿ ಲೆಜರಿನಲ್ಲಿ ಬರೆದಾಯಿತು. ಬೆಳಿಗ್ಗೆ ಎಂಟಕ್ಕೆ ಚಿಕ್ಕಬಳ್ಳಾಪುರದಲ್ಲಿರಬೇಕು. ಡೇರಿಯಲ್ಲಿ ಮಗ ಇರುತ್ತಾನೆ, ರಟ್ಟು ತಕ್ಕಡಿಯ ಪಕ್ಕದಲ್ಲೇ ಇದೆ.